ಗಿವ್ ಸುಜಾತಾ ದಿ ಉಂಡಿ

ಆ ದಿನಗಳಲ್ಲಿ ಶ್ರಾವಣ ಬಂದದ್ದು ನಮಗೆ ಕ್ಯಾಲೆಂಡರಿನಿಂದ ಗೊತ್ತಾಗುತ್ತಿರಲಿಲ್ಲ, ಕಿಟಕಿಯಿಂದ ಗೊತ್ತಾಗುತ್ತಿತ್ತು. ಟಿ.ಬಿ. ಡ್ಯಾಮಿನ ಗೇಟು ಎತ್ತಿದರೆ ಸಾಕು, ಕ್ವಾರ್ಟರ್ಸಿನ ಹಳೇ ಕಿಟಕಿಗಳ ಗಾಜು ಹಗಲೂ ರಾತ್ರಿ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ಒಗೆದು ಹಾಕಿದ ಯೂನಿಫಾರ್ಮು ಒಣಗುತ್ತಿರಲಿಲ್ಲ. ಹೊರಗೆ ಹೋದರೆ ಪಾಚಿಯ ವಾಸನೆ, ನೀರು ನೋಡಲು ಬರುವ ಹೊಸಪೇಟೆ ಜನಕ್ಕಾಗಿ ರಸ್ತೆ ಬದಿಯಲ್ಲಿ ಕರಿಯುತ್ತಿದ್ದ ಮಿರ್ಚಿಯ ವಾಸನೆ. ಒಳಗೆ ಬಂದರೆ ಅಪ್ಪನ ಅಂಗಿಯ ಗ್ರೀಸಿನ ವಾಸನೆ. ಇದರ ಜೊತೆಗೆ ಪಂಚಮಿ ಉಂಡಿಯದನ್ನೂ ಸೇರಿಸಬೇಕು, ಹುರಿದ ಶೇಂಗಾ ಮತ್ತು ಬೆಲ್ಲದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಬಾಲ್ಯವನ್ನು ನೆನೆದು ಬರೆಯುವವರೆಲ್ಲ ಕೊನೆಗೆ ಕಣ್ಣೊರೆಸಿಕೊಂಡು ಆಹಾ ಎನ್ನುತ್ತಾರೆ. ನಾನೂ ಅಂಥದ್ದನ್ನು ಓದುತ್ತೇನೆ, ಓದಿ ಹೊಟ್ಟೆಕಿಚ್ಚು ಪಡುತ್ತೇನೆ. ನನಗೂ ಅಂಥದ್ದೊಂದು ಶ್ರಾವಣ ಇತ್ತು. ಆಗ ಆರನೇ ಕ್ಲಾಸಿನಲ್ಲಿದ್ದೆ. ಸ್ವಲ್ಪ ದಿನದ ಮಟ್ಟಿಗೆ ಅದು ಪೂರ್ತಿ ನನ್ನದೇ ಆಗಿತ್ತು.

ಅಪ್ಪ ಡ್ಯಾಮಿನ ಗೇಟಿನ ಮೇಲೆ ಹೆಲ್ಪರ್. ನಮ್ಮ ಮನೆಯ ಗೋಡೆಗೆ ಬುದ್ಧನ ಫೋಟೊ ಇತ್ತು, ಪಕ್ಕದಲ್ಲಿ ನೀಲಿ ಕೋಟಿನವರದು. ನನಗೆ ಸುಜಾತಾ ಎಂದು ಹೆಸರಿಟ್ಟವನೂ ಅಪ್ಪನೇ. ಉಪವಾಸ ಮಾಡಿ ಎಲುಬಿನ ಗೂಡಾಗಿದ್ದ ಬುದ್ಧನಿಗೆ ಪಾಯಸ ಕೊಟ್ಟು ಬದುಕಿಸಿದ ಹೆಣ್ಣಿನ ಹೆಸರು ಅದು. ಯಾರು ಕೇಳಿದರೂ ಅಪ್ಪ ಈ ಕತೆ ಹೇಳಿಬಿಡುತ್ತಿದ್ದ. ಅವ್ವನಿಗೆ ಮಾತ್ರ ಅದು ಸೇರುತ್ತಿರಲಿಲ್ಲ. "ಎಲ್ರ ಮುಂದ ಯಾಕ ಅದನ್ನ ತೆಗೀತೀರಿ, ಸುಮ್ನ ಇರ್ರಿ" ಎಂದು ಅಪ್ಪನ ತೋಳು ತಿವಿಯುತ್ತಿದ್ದಳು. ಕ್ವಾರ್ಟರ್ಸಿನಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಮನೆಗಳಲ್ಲಿ ಇದ್ದೆವು. ಸರ್ಕಾರ ಮನೆ ಹಂಚುವಾಗ ಜಾತಿ ಕೇಳುವುದಿಲ್ಲ. ಆ ಕೆಲಸವನ್ನು ಅಕ್ಕಪಕ್ಕದವರು ಮಾಡುತ್ತಾರೆ.

ನಮ್ಮ ಸಾಲಿನ ಇನ್ನೊಂದು ತುದಿಯಲ್ಲಿ ವೀಣಾಳ ಮನೆ. ಅವಳ ಅಪ್ಪ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನಾನು, ವೀಣಾ ಒಂದೇ ಕ್ಲಾಸು, ಒಂದೇ ಬೆಂಚು, ತಲೆಗೆ ಹಾಕುವ ರಿಬ್ಬನ್ನೂ ಒಂದೇ ಬಣ್ಣದ್ದು. ಅವಳ ಅಪ್ಪನ ತಾಯಿ ಕಂಪ್ಲಿಯವಳು, ಹಾಗಾಗಿ ಇಡೀ ಸಾಲಿಗೆ ಕಂಪ್ಲಿ ಅಜ್ಜಿ. ಹಲ್ಲಿಲ್ಲದ ಬಾಯಿ, ಹಣೆತುಂಬ ಕುಂಕುಮ, ದೊಡ್ಡ ದನಿ. ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲೇ ಕೂತಿರುವಳು. ನಾನು ಒಂದು ದಿನ ಕಾಣಿಸದಿದ್ದರೆ "ಎಲ್ಲಲೇ ನಮ್ಮ ಸುಜಿ, ಜ್ವರ ಗಿರ ಬಂತೇನು" ಎಂದು ವೀಣಾಳನ್ನು ಓಡಿಸುತ್ತಿದ್ದಳು. ನನ್ನ ಸ್ವಂತ ಅಜ್ಜಿಯರಿಬ್ಬರೂ ನಾನು ಹುಟ್ಟುವ ಮೊದಲೇ ಹೋಗಿದ್ದರು. ನನಗೆ ಅಜ್ಜಿ ಅಂದರೆ ಇವಳೇ.

ಆ ವರ್ಷ ನಮ್ಮ ಶಾಲೆಗೆ ಇಂಗ್ಲಿಷ್ ಹೇಳಿಕೊಡಲು ಪದ್ಮಾ ಮಿಸ್ ಬಂದಿದ್ದರು. ಸಂಡೂರಿನವರು, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಅವರ ಸೀರೆಯ ಅಂಚಿನಲ್ಲಿ ಅದಿರಿನ ಕೆಂಪು ಯಾವತ್ತೂ ಹೋಗುತ್ತಿರಲಿಲ್ಲ. ಅವರಿಗೂ ಮೊದಲು ನಮಗೆ ಇಂಗ್ಲಿಷ್ ಅಂದರೆ ಬೋರ್ಡಿನ ಮೇಲಿದ್ದದ್ದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವುದು, ಅಷ್ಟೇ. ಮಿಸ್ ಬಂದವರೇ ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಜಾಗ ಮಾಡಿ, ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು.

ಮೊದಲ ಪಾಠವೇ ಕೊಡುವ ಪಾಠ. ಕನ್ನಡದಲ್ಲಿ ಕೊಡುವ ಮಾತನ್ನು ನಾವು ಹೇಗೆ ಬೇಕಾದರೂ ಹೊರಳಿಸುತ್ತೇವೆ. ವೀಣಾಗ ಚೆಂಡು ಕೊಡು. ಚೆಂಡು ವೀಣಾಗ ಕೊಡು. ಕೊಡಲೇ ವೀಣಾಗ ಚೆಂಡು. ಯಾರಿಗೆ ಎನ್ನುವುದು ಹೆಸರಿಗೇ ಅಂಟಿಕೊಂಡಿರುತ್ತದೆ, ಹೆಸರು ಎಲ್ಲಿ ಹೋದರೂ ಜೊತೆಗೇ ಹೋಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ, ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದರ ಮೇಲೇ ಎಲ್ಲ ಎಂದರು ಮಿಸ್. ಇಸಗೊಳ್ಳುವವರು ಮೊದಲು, ವಸ್ತು ಆಮೇಲೆ ಬಂದರೆ ಪಕ್ಕಪಕ್ಕ ನಿಲ್ಲಿಸಿದರೆ ಸಾಕು: ಗಿವ್ ವೀಣಾ ದಿ ಬಾಲ್. ವಸ್ತು ಮೊದಲು ಬಂದರೆ ನಡುವೆ ಒಂದು ಟು ಬೇಕು: ಗಿವ್ ದಿ ಬಾಲ್ ಟು ವೀಣಾ. ನಾವು ಎರಡನ್ನೂ ಕಲಸಿ "ಗಿವ್ ಟು ವೀಣಾ ದಿ ಬಾಲ್" ಎನ್ನುತ್ತಿದ್ದೆವು, ಇನ್ನು ಕೆಲವರು "ವೀಣಾ ಟು ಬಾಲ್ ಗಿವ್" ಎಂದು ಕನ್ನಡದ ಅಂಗಿಯನ್ನೇ ಇಂಗ್ಲಿಷಿಗೆ ತೊಡಿಸುತ್ತಿದ್ದರು. ಮಿಸ್ ಬೈಯುತ್ತಿರಲಿಲ್ಲ. ಭುಜ ಹಿಡಿದು ನಮ್ಮನ್ನೇ ಆಚೆ ಈಚೆ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದರು.

ಬರೀ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಒಬ್ಬರು ವಾಕ್ಯ ಹೇಳಬೇಕು, ಇನ್ನೊಬ್ಬರು ವಸ್ತು ಎತ್ತಿ ಕೊಡಬೇಕು, ಮತ್ತೊಬ್ಬರು ಇಸಗೊಳ್ಳಬೇಕು. "ಈ ಕೈಯಾಗಿಂದು ಆ ಕೈಯಾಗ ಹೋಗೋತನಕ ವಾಕ್ಯ ಮುಗಿದಿಲ್ಲ" ಎನ್ನುತ್ತಿದ್ದರು ಮಿಸ್. ಮೇಜಿನ ಮೇಲೆ ಚೆಂಡು, ಚಾಕ್‌ಪೀಸು, ಡಸ್ಟರು, ಒಂದು ದಾಸವಾಳ. ತಿನ್ನುವಂಥದ್ದು ಇಲ್ಲ, ಕುಡಿಯುವಂಥದ್ದೂ ಇಲ್ಲ. ಆಗ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಮಿಸ್ ಈ ಕಡೆಯವರೇ ಅಲ್ಲವೇ, ಮೇಜಿನ ಮೇಲೆ ಏನನ್ನು ಇಡಬಾರದು ಎಂದು ಅವರಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆ ಪಾಠ ನನ್ನ ತಲೆಗೆ ಎಷ್ಟು ಬೇಗ ಹತ್ತಿತೆಂದರೆ, ಒಂದು ವಾರದಲ್ಲಿ ಮಿಸ್ ನನ್ನನ್ನು ವಾಕ್ಯ ಹೇಳುವ ಜಾಗಕ್ಕೇ ಕಾಯಂ ಮಾಡಿಬಿಟ್ಟರು. ನನಗೋ ಹುಚ್ಚು ಹಿಡಿದಂತಾಯಿತು. ಮನೆಗೆ ಬಂದರೂ ಅದೇ. ವೀಣಾಳ ಮನೆಯ ಮುಂದಿನ ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ಒಬ್ಬರು ಜೀಕುವುದು, ಒಬ್ಬರು ಕೆಳಗೆ ನಿಂತು ಅಪ್ಪಣೆ ಕೊಡುವುದು. ಗಿವ್ ಮಿ ದಿ ಜೋಕಾಲಿ. ಗಿವ್ ದಿ ನಾಯಿ ಎ ರೊಟ್ಟಿ. ಗಿವ್ ದಿ ಪ್ಯಾರಲಹಣ್ಣು ಟು ಮಿ. ಕಂಪ್ಲಿ ಅಜ್ಜಿ ಬಾಗಿಲಲ್ಲಿ ಕೂತು ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಊದುತ್ತ "ಏನಲೇ ಅದು, ಗಿವ್ವು ಗಿವ್ವು ಅಂತ. ನನಗೂ ಕಲಸ್ರಿ" ಎಂದು ನಗುತ್ತಿದ್ದಳು. ಕಲಿಸಿದೆವು. ಆಕೆ ಬೇಗ ಕಲಿತಳು. ಉಂಡಿ ಕಟ್ಟಿದ ದಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸಾಲಿಗೆಲ್ಲ ಕೇಳುವ ಹಾಗೆ "ಗಿವ್ ವೀಣಾ ದಿ ಉಂಡಿ" ಎಂದು ತಾನೇ ಹೇಳಿ, ತಾನೇ ತೆಗೆದು ವೀಣಾಳ ಅಂಗೈಗೆ ಒಂದು ಹಾಕಿದಳು. ಆಮೇಲೆ ಡಬ್ಬಿಯಲ್ಲಿ ಕೈಯಾಡಿಸಿ ಇನ್ನೂ ದೊಡ್ಡದೊಂದನ್ನು ಹುಡುಕಿದಳು. "ಗಿವ್ ಸುಜಾತಾ ದಿ ಉಂಡಿ" ಎಂದಳು. ಪೇಪರಿನ ತುಂಡೊಂದನ್ನು ಹೊರಗಿನ ಮೆಟ್ಟಿಲ ಮೇಲೆ ಹಾಸಿ ಅದರ ಮೇಲೆ ಇಟ್ಟಳು. ನಾನು ಬಗ್ಗಿ ಎತ್ತಿಕೊಂಡೆ.

ನನಗೆ ಅದರಲ್ಲಿ ಏನೂ ಅನ್ನಿಸಲಿಲ್ಲ. ತಪ್ಪಾಯಿತು, ಅನ್ನಿಸಿತ್ತು. ಹೆಮ್ಮೆ ಅನ್ನಿಸಿತ್ತು. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಇನ್ನೂ ಚಿಕ್ಕವಳಿದ್ದಾಗ, ಇಂಥದ್ದೇ ಒಂದು ಪಂಚಮಿಯಲ್ಲಿ, ಅಜ್ಜಿ ಇಟ್ಟ ಉಂಡಿಯನ್ನು ಬಾಯಿತುಂಬ ತುಂಬಿಕೊಂಡೇ ಮನೆಗೆ ಓಡಿ ಬಂದಿದ್ದೆ. ಅವ್ವ ಅಕ್ಕಿ ಹಸನು ಮಾಡುತ್ತಿದ್ದಳು.

"ಅವ್ವಾ, ಕಂಪ್ಲಿ ಅಜ್ಜಿ ವೀಣಾಗ ಕೈಯಾಗ ಕೊಡ್ತೈತಿ, ನನಗ ಮೆಟ್ಲ ಮ್ಯಾಲ ಇಡ್ತೈತಿ. ಯಾಕ?"

ಅವ್ವನ ಕೈ ಮೊರದ ಮೇಲೆ ನಿಂತಿತು. ನನ್ನ ಮುಖ ನೋಡಿದಳು, ಉಬ್ಬಿದ ಕೆನ್ನೆ ನೋಡಿದಳು. ಆಮೇಲೆ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಕೇಳಿದಳು:

"ನಾವು ಉಪ್ಪು ಕೈಯಾಗ ಕೊಡ್ತೀವೇನು?"

"ಇಲ್ಲ. ಕೆಳಗ ಇಡ್ತೀವಿ. ಕೈಯಾಗ ಕೊಟ್ರ ಜಗಳ ಆಗ್ತೈತಿ."

"ಹಾಂ, ಹಂಗ. ವೀಣಾ ಅವರ ಮನೀ ಹುಡುಗಿ, ಜಗಳ ಆದ್ರ ಆಗ್ಲಿ. ನೀನು ಗೆಳತಿ. ನಿಮ್ಮಿಬ್ರಿಗೂ ಎಂದೂ ಜಗಳ ಬರಬಾರದಂತ ಅಜ್ಜಿ ನಿನಗ ಕೆಳಗ ಇಡ್ತೈತಿ."

ನಮ್ಮ ಕಡೆ ಯಾರ ಮನೆಯಲ್ಲಾದರೂ ನೋಡಿ, ಉಪ್ಪಿನ ಬಟ್ಟಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಮೆಣಸಿನಕಾಯಿ, ಸೂಜಿ ಕೂಡ ಕೊಡುವುದಿಲ್ಲ. ಕೆಳಗಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಇದು ನನಗೆ ಹಾಲು ಕುಡಿಯುವಾಗಿನಿಂದ ಗೊತ್ತಿದ್ದ ಮಾತು. ಹೀಗಾಗಿ ಅವ್ವ ಹೇಳಿದ್ದು ಪೂರ್ತಿ ಸರಿಯಾಗಿಯೇ ಕಂಡಿತು. ವೀಣಾಳಿಗೆ ಹೇಗಾದರೂ ಕೊಟ್ಟರೆ ನಡೆಯುತ್ತದೆ, ನನ್ನ ವಿಷಯದಲ್ಲಿ ಮಾತ್ರ ಅಜ್ಜಿ ಇಷ್ಟು ಜಾಗ್ರತೆ ಮಾಡುತ್ತಾಳೆ ಎಂದು ಉಬ್ಬಿಹೋದೆ. ಮರುದಿನವೇ ವೀಣಾಳಿಗೂ ಹೇಳಿದೆ. ಅವಳೂ ನಂಬಿದಳು. ಅಂದಿನಿಂದ ನಾವಿಬ್ಬರೂ ಅದನ್ನೇ ಕಟ್ಟಳೆ ಮಾಡಿಕೊಂಡೆವು. ಹಣ್ಣಿರಲಿ, ರಿಬ್ಬನ್ನಿರಲಿ, ಪೆನ್ಸಿಲ್ಲಿರಲಿ, ಅವಳು ಕೆಳಗಿಡಬೇಕು, ನಾನು ಎತ್ತಿಕೊಳ್ಳಬೇಕು. ನಾನು ಇಡಬೇಕು, ಅವಳು ಎತ್ತಿಕೊಳ್ಳಬೇಕು. ಕ್ಲಾಸಿನಲ್ಲಿ ಮಿಸ್ ಬಲವಂತಕ್ಕೆ ಕೈಗೆ ಕೊಟ್ಟ ದಿನ ಹೊರಗೆ ಬಂದು ಇಬ್ಬರೂ ಚಿಟಿಕೆ ಹೊಡೆದು ದೋಷ ಕಳೆದುಕೊಳ್ಳುತ್ತಿದ್ದೆವು. ನಂಬುತ್ತೀರೋ ಬಿಡುತ್ತೀರೋ, ನಮ್ಮಿಬ್ಬರಿಗೆ ಜಗಳ ಅಂತ ಆಗಲೇ ಇಲ್ಲ.

ನಾವು ಮೆಟ್ಟಿಲ ಮುಂದೆ ಹೀಗೆ ಇಟ್ಟು ಎತ್ತಿಕೊಳ್ಳುವುದನ್ನು ಕಂಪ್ಲಿ ಅಜ್ಜಿ ಒಮ್ಮೆ ನೋಡಿದಳು. ಮುಖ ಆ ಕಡೆ ತಿರುಗಿಸಿಕೊಂಡು ಶೇಂಗಾ ಊದತೊಡಗಿದಳು. ನಾಚಿಕೆಯಾಯಿತೋ, ನಿರಾಳವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪಂಚಮಿ ಮುಗಿದ ಮೇಲೆ ಆಗಸ್ಟ್ ಹದಿನೈದು ಬಂತು. ಧ್ವಜ ಏರಿಸಲು ಹೊಸಪೇಟೆಯಿಂದ ಯಾರೋ ಸಾಹೇಬರು ಬರುತ್ತಾರೆ, ಅವರ ಮುಂದೆ ಆರನೇ ಕ್ಲಾಸಿನವರ ಇಂಗ್ಲಿಷ್ ತೋರಿಸಬೇಕು ಎಂದು ಹೆಡ್‌ಮಾಸ್ತರು ಹೇಳಿದ್ದರು. ಪದ್ಮಾ ಮಿಸ್ ನನ್ನನ್ನೂ ವೀಣಾಳನ್ನೂ ಆರಿಸಿದರು. ಅಪ್ಪನಿಗೆ ಗೇಟಿನ ಮೇಲೆ ಡ್ಯೂಟಿ, ಬರಲಾಗಲಿಲ್ಲ. ಅವ್ವ ತನ್ನ ಒಂದೇ ಒಂದು ಇಳಕಲ್ ಸೀರೆ ಉಟ್ಟು ಬಂದು ಹಿಂದೆ ಕಾಂಪೌಂಡ್ ಗೋಡೆಗೆ ಒರಗಿ ನಿಂತಳು. ಕಂಪ್ಲಿ ಅಜ್ಜಿ ಮಗನ ಪಕ್ಕದಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಚೆಂಡು ಕೊಟ್ಟೆವು, ಹೂ ಕೊಟ್ಟೆವು, ಡಸ್ಟರು ಕೊಟ್ಟೆವು. ಎರಡೂ ರೀತಿಯಲ್ಲಿ ತಪ್ಪಿಲ್ಲದೆ ಹೇಳಿದೆ. ಸಾಹೇಬರಿಗೆ ಖುಷಿಯಾಯಿತು. "ಬಾಯಿಪಾಠ ಸಾಕು. ನಿಮ್ಮ ಮನೆ ಹತ್ತಿರ ಯಾರು ಯಾರಿಗೆ ಏನು ಕೊಡ್ತಾರೆ, ಸ್ವಂತ ಒಂದು ಹೇಳು ನೋಡೋಣ" ಎಂದು ಮೈಕನ್ನು ನನ್ನ ಬಾಯಿಯ ಎತ್ತರಕ್ಕೆ ಇಳಿಸಿದರು.

ನನಗೆ ಯೋಚನೆಯನ್ನೇ ಮಾಡಬೇಕಾಗಲಿಲ್ಲ.

"ವೀಣಾಸ್ ಗ್ರ್ಯಾಂಡ್‌ಮದರ್ ಗಿವ್ಸ್ ಮಿ ಪಂಚಮಿ ಉಂಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಉಂಡಿ ಎಂಬ ಮಾತು ಕೇಳಿ ಅಜ್ಜಿ ಮಗನಿಗೆ ಏನೋ ಹೇಳಿ ನಕ್ಕಳು. ಸಾಹೇಬರು ಇನ್ನೊಂದು ರೀತಿ ಹೇಳು ಎಂದರು.

"ವೀಣಾಸ್ ಗ್ರ್ಯಾಂಡ್‌ಮದರ್ ಗಿವ್ಸ್ ಪಂಚಮಿ ಉಂಡಿ ಟು ಮಿ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೈಯಿಂದ ಕೈಗೆ ಹೋಗದೆ ವಾಕ್ಯ ಮುಗಿಯುವುದಿಲ್ಲ ಎಂದು ಮಿಸ್ ಹೇಳಿದ್ದರಲ್ಲ, ಅರ್ಧ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ ಎನ್ನಿಸಿತು. ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ:

"ಬಟ್ ಶಿ ಡಸ್ ನಾಟ್ ಗಿವ್ ಇನ್ ಮೈ ಹ್ಯಾಂಡ್. ಶಿ ಪುಟ್ಸ್ ಆನ್ ದಿ ಸ್ಟೆಪ್."

ಪಕ್ಕದಲ್ಲಿ ಪದ್ಮಾ ಮಿಸ್ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಸಾಹೇಬರು ಮಾತ್ರ ಇನ್ನೂ ನಗುತ್ತಲೇ "ವೈ?" ಎಂದರು. ಅಷ್ಟಕ್ಕೆ ನನ್ನ ಇಂಗ್ಲಿಷ್ ಮುಗಿದಿತ್ತು. "ಇರಲಿ, ಕನ್ನಡದಲ್ಲೇ ಹೇಳಮ್ಮ" ಎಂದರು. ಹೇಳಿದೆ. ಮೈಕು ಚೆನ್ನಾಗಿತ್ತು, ಬಯಲಿನ ಕೊನೆಯವರೆಗೂ ಕೇಳಿತು.

"ಕಂಪ್ಲಿ ಅಜ್ಜಿ ವೀಣಾಗ ಕೈಯಾಗ ಕೊಡ್ತೈತ್ರಿ. ನನಗ ಮಾತ್ರ ಮೆಟ್ಲ ಮ್ಯಾಲ ಇಡ್ತೈತ್ರಿ. ಯಾಕಂದ್ರ ನಾನು ವೀಣಾ ಯಾವತ್ತೂ ಜಗಳ ಆಡಬಾರದಲ್ರಿ, ಅದಕ್ಕ. ಉಪ್ಪು ಇಡ್ತಾರಲ್ರಿ, ಹಂಗ."

ಚಪ್ಪಾಳೆಗೆ ಕಾದೆ. ಬರಲಿಲ್ಲ. ಡ್ಯಾಮಿನ ನೀರು ಬೀಳುವ ಸದ್ದು ಒಂದೇ ಕೇಳುತ್ತಿತ್ತು. ಹಿಂದಿನಿಂದ ಯಾರೋ ನಗಲು ಶುರು ಮಾಡಿ ನಿಲ್ಲಿಸಿದರು. ಸಾಹೇಬರು ತಲೆ ತಗ್ಗಿಸಿ ಕೈಯಲ್ಲಿದ್ದ ಹಾಳೆ ನೋಡಿದರು, ಅದರಲ್ಲಿ ನೋಡುವಂಥದ್ದು ಏನೂ ಇರಲಾರದು. ಆಮೇಲೆ "ವಾಕ್ಯಗಳು ತುಂಬಾ ಚೆನ್ನಾಗಿವೆ, ಪದಗಳೆಲ್ಲ ಸರಿಯಾದ ಜಾಗದಲ್ಲಿವೆ" ಎಂದು ತಾವೇ ಚಪ್ಪಾಳೆ ತಟ್ಟಿದರು. ಆಗ ಎಲ್ಲರೂ ತಟ್ಟಿದರು, ಹಿಂದೆಂದೂ ತಟ್ಟದಷ್ಟು ಜೋರಾಗಿ ತಟ್ಟಿದರು. ಒಂದು ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟರು. ಅದನ್ನು ಹಿಡಿದುಕೊಂಡು ನೋಡಿದರೆ ಕಂಪ್ಲಿ ಅಜ್ಜಿ ಮಗನ ಭುಜ ಹಿಡಿದು ಎದ್ದು ನಿಂತಿದ್ದಳು. ಅವ್ವ ಗೋಡೆಯ ಹತ್ತಿರ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ಮನೆಗೆ ಹೋಗುವಾಗ ಅವ್ವ ನನ್ನನ್ನು ಬಿಟ್ಟು ಮುಂದೆ ಮುಂದೆ ಹೋದಳು. ನಾನು ಡಬ್ಬಿ ಬಡಿಯುತ್ತ 'ಚೆಂದ ಹೇಳಿದ್ನಿಲ್ಲ' ಎಂದು ಕೇಳುತ್ತಲೇ ಹಿಂದೆ ಓಡಿದೆ. ಕಾಲುವೆ ಹತ್ತಿರ ಬಂದಾಗ ನಿಂತಳು. ಅಲ್ಲಿಯ ಸಿಮೆಂಟ್ ಕಟ್ಟೆಯ ಮೇಲೆ ಕೂತು ನನ್ನನ್ನೂ ಎಳೆದು ಕೂರಿಸಿಕೊಂಡಳು.

"ಅದು ಉಪ್ಪಿನಂಗ ಅಲ್ಲ ಸುಜಿ. ಅವರು ನಮ್ಮನ್ನ ಮುಟ್ಟಂಗಿಲ್ಲ."

"ಯಾಕ?"

"ಯಾಕಂತ ನನಗೂ ಯಾರೂ ಹೇಳಿಲ್ಲ."

"ಮತ್ತ ಜಗಳ ಅಂತ ಯಾಕ ಹೇಳಿದಿ?"

ಅವ್ವ ಕಾಲುವೆಯ ನೀರನ್ನೇ ನೋಡುತ್ತಿದ್ದಳು. "ಉಂಡಿ ಬಾಯಾಗ ಇಟ್ಕೊಂಡು ಬಂದು ಕೇಳಿದ್ದಿ. ಏನ್ ಹೇಳ್ಲಿ ನಾನು? ಮದ್ಲ ನುಂಗಲಿ ಅಂತ ಹೇಳಿದೆ. ಆಮ್ಯಾಲ ಖರೇ ಹೇಳಾಕ ಆಗ್ಲಿಲ್ಲ."

ನಾನು ಅಳಲಿಲ್ಲ. ನಾಚಿಕೆಯಾಯಿತು. ಅವರ ಬಗ್ಗೆ ಅಲ್ಲ, ನನ್ನ ಬಗ್ಗೆ. ಇಷ್ಟು ವರ್ಷ ಆ ಮೆಟ್ಟಿಲ ಮುಂದೆ ಕುಣಿದಾಡಿದ್ದು, ಬಗ್ಗಿ ಎತ್ತಿಕೊಂಡಾಗಲೆಲ್ಲ ಅಜ್ಜಿಯ ಕಡೆ ನೋಡಿ ನಕ್ಕಿದ್ದು, ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿದ್ದು. ತಪ್ಪು ಮಾಡಿದವರು ಕುರ್ಚಿಯ ಮೇಲೆ ಕೂತಿದ್ದರು, ನಾಚಿಕೆ ಬಂದು ನನ್ನ ಮೈಮೇಲೆ ಕೂತಿತು. ಅದು ಯಾವ ಲೆಕ್ಕದ ನ್ಯಾಯ ಎಂದು ಈಗಲೂ ಸಿಟ್ಟು ಬರುತ್ತದೆ.

ಸಂಜೆ ಅಪ್ಪ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಊರು ಸುತ್ತಿತ್ತು. ವೀಣಾಳ ಅಪ್ಪ ಆಫೀಸಿನವರಿಗೆಲ್ಲ ಹೇಳಿದ್ದರಂತೆ, ಇದು ಹುಡುಗಿಯ ಮಾತಲ್ಲ, ಮನೆಯಲ್ಲಿ ಹೇಳಿಕೊಟ್ಟು ಕಳಿಸಿದ್ದಾರೆ, ಉಂಡ ಮನೆಯ ಮಾನವನ್ನು ಮೈಕಿನಲ್ಲಿ ತೆಗೆಸಿದ್ದಾರೆ ಎಂದು. ಅಪ್ಪ ಅದಕ್ಕೆ ಸೊಪ್ಪು ಹಾಕಲಿಲ್ಲ. ಸಿಟ್ಟು ಬಂದದ್ದು ಅವ್ವನ ಮೇಲೆ.

"ಇಷ್ಟ್ ವರ್ಷ ಮಗಳಿಗೆ ಸುಳ್ಳು ತಿನಿಸಿ ಬೆಳೆಸಿದಿಯಲ್ಲ. ನನಗೊಂದು ಮಾತು ಹೇಳಬಾರದಿತ್ತಾ?"

"ಖರೇ ಹೇಳಿದ್ರ ಆಕಿ ಯಾರ ಕೂಡ ಆಡಬೇಕಿತ್ತು?" ಅವ್ವ ಗೋಡೆಯ ಕಡೆ ಕೈ ತೋರಿಸಿದಳು. "ಆ ಫೋಟೊದಾಗಿನವರ ಕೂಡೇನು?"

ಅಪ್ಪ ಕೈ ತೊಳೆಯಲು ಹೋದ. ಗ್ರೀಸು ಹೋಗಲು ಬಹಳ ಹೊತ್ತು ಬೇಕಾಯಿತು.

ಮರುದಿನ ವೀಣಾ ಬೇರೆ ಬೆಂಚಿಗೆ ಹೋಗಿದ್ದಳು. ಕೆಲವು ದಿನಗಳ ನಂತರ ಜೋಕಾಲಿ ಬಿಚ್ಚಿದ್ದ ಬೇವಿನ ಮರದ ಹತ್ತಿರ ಒಬ್ಬಳೇ ಸಿಕ್ಕಳು.

"ನಿನ್ನ ದೆಸಿಂದ ನಮ್ಮಜ್ಜಿ ಊಟ ಬಿಟ್ಟೈತಿ" ಎಂದಳು ವೀಣಾ.

"ನಿಮ್ಮಜ್ಜಿ ನನ್ನನ್ನ ಮುಟ್ಟಂಗಿಲ್ಲಂತ."

"ನನಗ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ."

ಒಳಗಿನಿಂದ ಅವಳ ಅಪ್ಪ ಕರೆದರು. ಅವಳು ಹೋದಳು. ಅದು ನಮ್ಮ ಬಾಲ್ಯದ ಕೊನೆಯ ಮಾತು. ಮುಂದಿನ ಬೇಸಿಗೆಗೆ ಅವರಿಗೆ ಕಂಪ್ಲಿ ಕಡೆ ವರ್ಗವಾಯಿತು. ಸಾಮಾನಿನ ಲಾರಿ ಹೋಗುವಾಗ ಅವ್ವ ಬಾಗಿಲು ಹಾಕಿಕೊಂಡಳು, ನಾನು ಕಿಟಕಿಯಿಂದ ನೋಡಿದೆ. ಅಜ್ಜಿ ಡ್ರೈವರ್ ಪಕ್ಕ ಕೂತಿದ್ದಳು. ನಮ್ಮ ಮನೆಯ ಕಡೆ ತಿರುಗಿ ನೋಡಿದಳು ಎಂದು ನನಗೆ ಅನ್ನಿಸಿತು. ಬೇಕೆಂದೇ ಹಾಗೆ ಅನ್ನಿಸಿಕೊಂಡಿರಬಹುದು.

ಪದ್ಮಾ ಮಿಸ್ ಆ ಆಗಸ್ಟ್ ಹದಿನೈದರ ಮರುದಿನವೇ ಬೆಂಚುಗಳನ್ನು ಮತ್ತೆ ಸಾಲಾಗಿ ಹಾಕಿಸಿದ್ದರು. ಕೊಡುವ ಪಾಠ ಅಷ್ಟಕ್ಕೇ ನಿಂತಿತು. ಶೋ, ಟೆಲ್, ಸೆಂಡ್ ಎಂದು ಬೇರೆ ಮಾತುಗಳು ಬಂದವು. ತೋರಿಸುವುದು, ಹೇಳುವುದು, ಕಳಿಸುವುದು. ಯಾವುದರಲ್ಲೂ ಕೈಗೆ ಕೈ ತಗಲುವ ಭಯವಿಲ್ಲ. ನನ್ನನ್ನು ಒಮ್ಮೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಿಸಿ, "ಅದನ್ನ ಅಲ್ಲಿ ಹೇಳಬಾರದಿತ್ತು ಪುಟ್ಟಿ. ಇಂಗ್ಲಿಷಿನಾಗ ಹೇಳಿ ಬಿಟ್ಟಿದ್ರ ಮುಗೀತಿತ್ತು, ಯಾರಿಗೂ ತಿಳೀತಿರಲಿಲ್ಲ" ಎಂದು ತಲೆ ಸವರಿದರು. ಮಿಸ್ ಕೆಟ್ಟವರಲ್ಲ. ಒಳ್ಳೆಯವರೇ. ಒಳ್ಳೆಯವರು ಆ ಬಯಲಿನ ತುಂಬ ಇದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಈಗ ನಾನು ತೋರಣಗಲ್ಲಿನ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಇಂಗ್ಲಿಷ್. ಸೆಂಡ್ ಮಿ ದಿ ರಿಪೋರ್ಟ್, ಗಿವ್ ದಿ ಸ್ಯಾಂಪಲ್ ಟು ದಿ ನೆಕ್ಸ್ಟ್ ಶಿಫ್ಟ್. ಒಂದು ಮಾತೂ ಜಾಗ ತಪ್ಪುವುದಿಲ್ಲ. ಕ್ವಾರ್ಟರ್ಸಿನ ನಮ್ಮ ಸಾಲು ಖಾಲಿಯಾಗಿ ಗೋಡೆಯಲ್ಲಿ ಆಲದ ಸಸಿಗಳು ಎದ್ದಿವೆ, ಬೇವಿನ ಮರವನ್ನು ಕಡಿದಿದ್ದಾರೆ. ಅದಕ್ಕೆ ನನಗೆ ದುಃಖವಿಲ್ಲ. ಹೋದ ಮನೆ, ಹೋದ ಮರದ ಬಗ್ಗೆ ಅಳುವುದು ಸುಲಭ. ನನಗೆ ಹೋದದ್ದು ಇನ್ನೊಂದು. ಆ ಶ್ರಾವಣದ ಜೊತೆ ಅದಕ್ಕೂ ಮೊದಲಿನ ವರ್ಷಗಳೂ ಹೋದವು. ಅವ್ವನ ಸುಳ್ಳಿನೊಳಗೆ ನಾನು ಎಷ್ಟು ಸುಖವಾಗಿದ್ದೆ ಎಂದು ನೆನೆಯಲು ಹೋದರೆ, ತಿಂದ ಒಂದೊಂದು ಉಂಡಿಯೂ ಕೆಳಗಿಟ್ಟದ್ದೇ ಆಗಿ ಕಾಣುತ್ತದೆ. ಅಜ್ಜಿ ನನ್ನನ್ನು ಪ್ರೀತಿಸುತ್ತಿರಲಿಲ್ಲ ಎಂದಾದರೂ ಆಗಿದ್ದರೆ ನೆಮ್ಮದಿಯಾಗಿ ದ್ವೇಷ ಮಾಡಿಕೊಂಡು ಇರುತ್ತಿದ್ದೆ. ಆಕೆ ಡಬ್ಬಿಯಲ್ಲಿ ಕೈಯಾಡಿಸಿ ದೊಡ್ಡದನ್ನೇ ಹುಡುಕುತ್ತಿದ್ದದ್ದು ಸುಳ್ಳಲ್ಲ. ಹುಡುಕಿದ ಆ ಕೈಯೇ ಅದನ್ನು ಮೆಟ್ಟಿಲ ಮೇಲೆ ಇಡುತ್ತಿತ್ತು. ಎರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಈವರೆಗೆ ತಿಳಿದಿಲ್ಲ.

ಹೋದ ಶ್ರಾವಣದಲ್ಲಿ ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪನಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ನನ್ನ ಕೈ ಹಿಡಿದರು. ವೀಣಾ. ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು, ನಗು ಮಾತ್ರ ಅದೇ. ಹಿಡಿದ ಕೈ ಬಿಡದೆಯೇ ಮಾತಾಡಿದಳು. ಅವಳ ಗಂಡನ ಕೆಲಸ, ನನ್ನ ಕೆಲಸ, ಅವಳ ಅಪ್ಪನ ಮಂಡಿನೋವು, ನನ್ನ ಅವ್ವನ ಬಿಪಿ. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು ಎಂದಳು. ಆಮೇಲೆ ಕೇಳಿದಳು.

"ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅವತ್ತು ನೀ ಅದನ್ನ ಬೇಕಂತ ಹೇಳಿದ್ದೇನು? ನಮ್ಮಪ್ಪ ಇನ್ನೂ ಹಂಗ ಅಂತಾರ."

"ಇಲ್ಲ ವೀಣಾ. ನನಗ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ, ನೆನಪೈತೇನು?"

ಅವಳು ತಲೆಯಾಡಿಸಿದಳು. ನೆನಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಮನೆಯಲ್ಲಿ ಆ ದಿನದ ಕತೆ ಬೇರೆಯೇ ಆಗಿ ಬೆಳೆದಿತ್ತು ಎಂದು ನನಗೆ ಆಗ ಹೊಳೆಯಿತು. ಅದರಲ್ಲಿ ಮೆಟ್ಟಿಲು ಇರಲಿಲ್ಲ. ಪ್ರೀತಿ ಮಾಡಿದ ಮುದುಕಿ ಇದ್ದಳು, ತಿಂದು ಮರೆತ ಹುಡುಗಿ ಇದ್ದಳು, ಅಷ್ಟೇ.

ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿತು. ವೀಣಾ ನನ್ನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಹೋಗ್ಲಿ ಬಿಡು, ಮನಸಿನಾಗ ಇಟ್ಕೋಬ್ಯಾಡ. ನಮ್ಮಜ್ಜಿ ಸಾಯೋಕ ಮುಂಚೆ ನಿನ್ನ ಹೆಸರು ತೆಗೆದಿತ್ತು. ಸಣ್ಣ ಹುಡುಗಿ, ಏನೋ ತಪ್ಪು ಮಾಡ್ತು, ಕ್ಷಮಿಸೀನಿ ಅಂತು."

ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ಕೂತೆ. ಆಕೆಯನ್ನು ಕ್ಷಮಿಸಬೇಕೋ ಬೇಡವೋ ಎಂದು ನಾನು ಇಷ್ಟು ವರ್ಷ ಒಳಗೊಳಗೇ ಗುದ್ದಾಡುತ್ತಿದ್ದೆ. ಆಕೆ ನನ್ನನ್ನು ಎಂದೋ ಕ್ಷಮಿಸಿ, ನಿಶ್ಚಿಂತೆಯಾಗಿ ಕಣ್ಣು ಮುಚ್ಚಿದ್ದಳು.